ಡಬ್ಬಿ ಕಾಯಿಯ ಖಾರ

ಜನವರಿ 4, 2007, ಗುರುವಾರ

ಇದು ರಾಣೆಬೆನ್ನೂರಿನ ಬೀಜದ ಕಂಪನಿಯವರು ಕೊಟ್ಟ ಡೈರಿ. ಪ್ರತಿವರ್ಷ ಮಗಳು ಹೂವು, ಆನೆ ಬರೆದು ಮುಗಿಸುತ್ತಿದ್ದಳು. ಈ ಸಲ ನಾನೇ ಇಟ್ಟುಕೊಂಡೆ, ಬರೆದಿಡಬೇಕಾದ ಸಂಗತಿಯೊಂದಿದೆ. ನಮ್ಮ ಮನೆಯ ಅಡುಗೆಗೆ ಯಾರೋ ಗುಂಟೂರು ಕಾಯಿ ಬೆರೆಸುತ್ತಿದ್ದಾರೆ.

ಬೇರೆ ಊರಿನಲ್ಲಾದರೆ ಇದು ನಗುವ ಮಾತು. ಬ್ಯಾಡಗಿಯಲ್ಲಿ, ಅದರಲ್ಲೂ ನನ್ನ ಮನೆಯಲ್ಲಿ, ಅಲ್ಲ. ಹೊರಗಿನ ಮಸಾಲೆ ಕಂಪನಿಗಳಿಗೆ ಮೆಣಸಿನಕಾಯಿ ಆರಿಸಿ ಕೊಡುವುದು ನನ್ನ ಕೆಲಸ. ಉಳಿದ ಖರೀದಿದಾರರು ಕಾಯಿಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಮೂಸುತ್ತಾರೆ, ಅಲುಗಾಡಿಸಿ ಬೀಜದ ಸದ್ದು ಕೇಳುತ್ತಾರೆ. ನಾನು ತುದಿ ಕಡಿದು ಹೇಳುತ್ತೇನೆ. ನಮ್ಮ ಡಬ್ಬಿ ಕಾಯಿ ಬಣ್ಣದಲ್ಲಿ ರಾಜ, ಖಾರದಲ್ಲಿ ಸಾಧು. ಗುಂಟೂರು ಅದರ ಉಲ್ಟಾ. ಎರಡನ್ನೂ ಬೆರೆಸಿ ತರುವ ಖದೀಮರು ಇದ್ದಾರೆ. ಅಂಥವರ ರಾಶಿಯ ಮುಂದೆ ನಾನು ನಿಂತರೆ ಅವರ ಮುಖ ಬಿಳಚಿಕೊಳ್ಳುತ್ತದೆ. ರುದ್ರಮುನಿ ಡಬ್ಬಿ ಅಂದರೆ ಅದು ಡಬ್ಬಿ. ಅಪ್ಪನಿಂದ ಬಂದ ನಾಲಿಗೆ ಇದು. ಮಾರುಕಟ್ಟೆಯಲ್ಲಿ ನನಗಿರುವ ಹೆಸರೆಲ್ಲ ಇದರದೇ.

ಇಂಥ ಬಾಯಿಗೆ ಇಂದು ಮಧ್ಯಾಹ್ನ ಎಣ್ಣೆಗಾಯಿಯ ಮೊದಲ ತುತ್ತಿಗೇ ಬೆಂಕಿ ಬಿತ್ತು. ನಾಲಿಗೆಯಷ್ಟೇ ಅಲ್ಲ, ಕೆನ್ನೆಯ ಒಳಗೆಲ್ಲ ಉರಿ. ಡಬ್ಬಿಯ ಖಾರ ಹೀಗೆ ಕೆನ್ನೆಗೆ ಹತ್ತುವುದಿಲ್ಲ.

“ಯಾವ ಖಾರ ಹಾಕೀದಿ?” ಅಂದೆ.

“ನೀವ ತಂದದ್ದರಿ,” ಅಂದಳು ಪುಷ್ಪಲತಾ, ತಲೆ ಎತ್ತದೆ. ಅವಳ ತಟ್ಟೆಯಲ್ಲೂ ಅದೇ ಎಣ್ಣೆಗಾಯಿ, ಜೊತೆಗೆ ಹಸಿಮೆಣಸಿನಕಾಯಿ. ಅವಳದು ಐರಣಿಯ ಹೊಳೆದಂಡೆಯ ಮನೆತನ. ರೊಟ್ಟಿಗೆ ಹಸಿಮೆಣಸಿನಕಾಯಿ ಸೌತೆಕಾಯಿಯಂತೆ ಕಚಕಚ ಕಡಿಯುತ್ತಾಳೆ. ಅಂಥವಳಿಗೆ ಗುಂಟೂರೂ ಒಂದೇ, ಬೆಲ್ಲವೂ ಒಂದೇ.

ಪಡಸಾಲೆಗೆ ಬಂದು ಒಂದು ಪಾಕೀಟು ಗುಟ್ಕಾ ಬಾಯಿಗೆ ಸುರುವಿಕೊಂಡೆ. ಮೊದಲು ಇನ್ನಷ್ಟು ಉರಿದು ಆಮೇಲೆ ಜುಮ್ಮೆಂದಿತು. ಇದೊಂದು ಇಲ್ಲದಿದ್ದರೆ ಈ ಮನೆಯ ಊಟ ದಕ್ಕುವುದು ಕಷ್ಟ.

ಜನವರಿ 8, ಸೋಮವಾರ

ಮಾರುಕಟ್ಟೆ ದಿನ. ಹಮಾಲರನ್ನು ಕರೆಯಲು ಸಿಳ್ಳೆ ಹಾಕಿದರೆ ಬರೀ ಗಾಳಿ ಬಂತು. ಮತ್ತೆ ಹಾಕಿದೆ, ಮತ್ತೆ ಗಾಳಿ. ಯಾರ್ಡಿನ ಆ ತುದಿಯವರೆಗೆ ಕೇಳುತ್ತಿದ್ದ ಸಿಳ್ಳೆ ಅದು. ಚಳಿಗೆ ತುಟಿ ಬಿರುಸಾಗಿವೆ. ಹೆಸರು ಹಿಡಿದು ಕೂಗಿ ಕರೆದೆ. ಪಕ್ಕದ ಅಂಗಡಿಯವನು ನಕ್ಕಂತೆ ಅನಿಸಿತು. ನಗಲಿ, ಅವನ ರಾಶಿಯ ಸರದಿಯೂ ಬರುತ್ತದೆ.

ಜನವರಿ 16, ಮಂಗಳವಾರ

ಸಂಕ್ರಾಂತಿಗೆ ಐರಣಿಗೆ ಹೋಗಿ ಬಂದೆವು. ತುಂಗಭದ್ರೆಯಲ್ಲಿ ಮಿಂದು ದಂಡೆಯಲ್ಲಿ ಬುತ್ತಿ ಬಿಚ್ಚಿ ಕುಳಿತೆವು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಕೆಂಪು ಖಾರ. ಅತ್ತೆ ಸೋಮವ್ವ ಕೈಯಾರೆ ಬಡಿಸಿದರು. ಎರಡು ತುತ್ತಿಗೇ ಕಣ್ಣಲ್ಲಿ ನೀರು ಬಂತು. ಬೀಗರ ಮುಂದೆ ಮೆಣಸಿನಕಾಯಿ ವ್ಯಾಪಾರಿ ಕಣ್ಣೀರು ಹಾಕಿದರೆ ಮರ್ಯಾದೆ ಏನು ಉಳಿಯುತ್ತದೆ? ಹೊಳೆಯ ಕಡೆ ಮುಖ ತಿರುಗಿಸಿ ಬಿಸಿಲಿಗೆ ಕಣ್ಣು ಕುಕ್ಕಿದಂತೆ ಮಾಡಿದೆ. ಪುಷ್ಪಲತಾ ನೋಡಿದಳು. ನೋಡಿಯೂ ನೋಡದವಳ ಹಾಗೆ ಮಗಳ ತಲೆ ಒರೆಸಿದಳು.

ಈಗ ಲೆಕ್ಕ ಕೂಡುತ್ತಿದೆ. ಅವಳ ತಮ್ಮನನ್ನು ನನ್ನ ಅಂಗಡಿಯಲ್ಲಿ ಕೂರಿಸಿಕೊಳ್ಳಲು ದೀಪಾವಳಿಯಲ್ಲಿ ಒಲ್ಲೆ ಅಂದಿದ್ದೆ. ಆ ಸಿಟ್ಟು ಒಲೆಯ ಮುಂದೆ ತೀರುತ್ತಿದೆ. ಅತ್ತೆಯೂ ಅವಳೂ ಒಂದೇ ಕಟ್ಟು.

ಕಬ್ಬು ಈ ವರ್ಷ ವಿಪರೀತ ದಪ್ಪ. ಬಾಯಿಗೇ ಹಿಡಿಸಲಿಲ್ಲ. ಮಗಳು ಸಿಗಿದು ಕೊಟ್ಟಳು.

ಜನವರಿ 25, ಗುರುವಾರ

ಇವತ್ತು ಯಾರ್ಡಿಗೆ ಹೊಸ ಜಾತಿಯ ಗಿರಾಕಿಗಳು ಬಂದಿದ್ದರು. ಬಿಳಿ ಕೋಟು, ಕೈಯಲ್ಲಿ ಬ್ಯಾಟರಿ, ಕಟ್ಟಿಗೆಯ ಚಪ್ಪಟೆ ಕಡ್ಡಿ. ಹಲ್ಲಿನ ಡಾಕ್ಟರರಂತೆ. ಗುಟ್ಕಾ, ತಂಬಾಕು ತಿನ್ನುವವರ ಬಾಯಿ ನೋಡಿ ಸಂಶೋಧನೆ ಮಾಡುತ್ತಾರಂತೆ. ಚಹಾದಂಗಡಿ ಪಕ್ಕ ಮೇಜು ಹಾಕಿಕೊಂಡು, ಹೋಗಿ ಬರುವವರನ್ನೆಲ್ಲ ಹಿಡಿದು ಕೂರಿಸುತ್ತಿದ್ದರು. ಮುಖ್ಯಸ್ಥೆ ಸುಧಾರಾಣಿ ಎಂಬ ಹುಡುಗಿ. ಡಾಕ್ಟರು ಅಂದರೆ ನಂಬಲಾಗದಷ್ಟು ಚಿಕ್ಕ ವಯಸ್ಸು.

“ದಿನಕ್ಕ ಎಷ್ಟ ಪಾಕೀಟ ಆಗತಾವ್ರಿ ಸರ?”

“ಎಲ್ಲಿ ಪಾಕೀಟವ್ವಾ? ಒಂದೋ, ಎರಡೋ. ಅದೂ ಯಾರರ ಕೊಟ್ರ.”

ಆಕೆ ನನ್ನ ಅಂಗಿಯ ಕಿಸೆ ನೋಡಿದಳು. ಅಲ್ಲಿಂದ ಪಾಕೀಟಿನ ಸರ ಮದುಮಗನ ಹಾರದ ಹಾಗೆ ಇಳಿಬಿದ್ದಿತ್ತು. ಒಳಗೆ ತುರುಕಿಕೊಂಡೆ. ನಗಲಿಲ್ಲ ಆಕೆ, ಅದೇ ನನಗೆ ಹಿಡಿಸಲಿಲ್ಲ. ಇವತ್ತು ಎಷ್ಟು ತಿನ್ನುತ್ತೀರಿ ಎಂದು ಕೇಳುವವರು ನಾಳೆ ಎಷ್ಟು ಗಳಿಸುತ್ತೀರಿ ಎಂದು ಕೇಳುತ್ತಾರೆ. ಬಿಳಿ ಕೋಟು ಯಾರು ಬೇಕಾದರೂ ಹೊಲಿಸಿಕೊಳ್ಳಬಹುದು.

“ಖಾರ ತಿಂದ್ರ ಬಾಯಾಗ ಉರಿ ಏಳತೈತೇನ್ರಿ?” ಅಂದಳು.

ಇದು ಇವಳಿಗೆ ಹೇಗೆ ಗೊತ್ತು? ಮನೆಯ ಮಾತು ಯಾರ್ಡಿಗೆ ಹೇಗೆ ಬಂತು?

“ಖಾರ ತಿಂದ್ರ ಉರೀದ ಇನ್ನೇನ ತಣ್ಣಗ ಆಗತೈತೇನು?” ಅಂದೆ.

“ಮೂರ ಬೆರಳ ಹಿಂಗ ನಿಲ್ಲಿಸಿ ಬಾಯಾಗ ಇಟ್ಟ ತೋರಸ್ರಿ. ಅಷ್ಟ ಸಾಕು.”

“ನನ್ನ ಬಾಯಿ ತೆರಿಯಾಕ ಕಂಪನಿಯವರು ಪಗಾರ ಕೊಡ್ತಾರವ್ವಾ. ಪುಕ್ಕಟ ತೆರಿಯಾಂಗಿಲ್ಲ.”

ಸುತ್ತಲಿದ್ದ ಹಮಾಲರು ಹೋ ಎಂದು ನಕ್ಕರು. ಆಮೇಲೆ ಒಬ್ಬೊಬ್ಬರೇ ಆಟಕ್ಕೆಂಬಂತೆ ಬೆರಳು ಇಟ್ಟು ನೋಡಿಕೊಂಡರು. ಅವರಲ್ಲಿ ಹೊಳಿಯಪ್ಪನದು ಮಾತ್ರ ಒಳಗೆ ಹೋಗಲಿಲ್ಲ. ಅವನ ನಗು ನಿಂತಿತು. ಅವನು ಮೊದಲಿಂದಲೂ ಸಣ್ಣ ಬಾಯಿಯವನು.

ಮನೆಗೆ ಬಂದು ಕನ್ನಡಿಯ ಮುಂದೆ ನಾನೂ ಒಮ್ಮೆ ನೋಡಿದೆ. ನನ್ನ ಬೆರಳು ದಪ್ಪ. ಅದು ಆ ಹುಡುಗಿಯ ಬೆರಳಿಗೆ ಮಾಡಿದ ಲೆಕ್ಕ.

ಜನವರಿ 29, ಸೋಮವಾರ

ಸಿಕ್ಕಿಬಿದ್ದರು. ಮಧ್ಯಾಹ್ನ ಊಟಕ್ಕೆ ಸ್ವಲ್ಪ ಬೇಗ ಬಂದರೆ ನನ್ನದೇ ಪಡಸಾಲೆಯಲ್ಲಿ ಆ ಡಾಕ್ಟರಮ್ಮ ಚಹಾ ಕುಡಿಯುತ್ತ ಕೂತಿದ್ದಾಳೆ! ಪುಷ್ಪಲತಾ ಎದುರು ಕುಳಿತು ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದಳು. ನನ್ನನ್ನು ಕಂಡದ್ದೇ ಇಬ್ಬರೂ ಸುಮ್ಮನಾದರು.

“ಮನಿಮನಿಗೆ ಹೋಗಿ ಕೇಳಾಕತ್ತೇವ್ರಿ ಸರ,” ಅಂತ ಎದ್ದಳು ಡಾಕ್ಟರಮ್ಮ. ಹೋಗುವಾಗ ಹಾವೇರಿಯಲ್ಲಿ ತಾವು ಕೂರುವ ಜಾಗ ಹೇಳಿ, ಒಮ್ಮೆ ಬರ್ರಿ ಅಂದಳು. ನಾನು ಪಾಕೀಟು ಹರಿದೆ, ಅವಳ ಎದುರೇ.

“ನನ್ನ ಸುದ್ದಿ ಏನ ಹೇಳಾಕತ್ತಿದ್ದಿ ಆಕಿಗೆ?”

“ಏನಿಲ್ರಿ. ಒಮ್ಮೆ ಬಾಯಿ ತೋರಿಸಿಕೊಂಡ ಬರ್ರೆಲಾ. ಮತ್ತ ಆ ಪಾಕೀಟ ಒಂದ ಕಡಿಮಿ ಮಾಡ್ರಿ.”

ಮಾತು ತಿರುಗಿಸುವುದು ಎಂದರೆ ಇದು. ಅಡುಗೆಗೆ ಗುಂಟೂರು ಹಾಕುವವಳು ಇವಳು, ತಪ್ಪು ನನ್ನ ಪಾಕೀಟಿನದು!

ಇನ್ನೊಂದು ಗಮನಿಸಿದ್ದೇನೆ. ಈಚೆಗೆ ಅವಳು ನನಗೆ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಕೊಡುತ್ತಾಳೆ, ಹಲ್ಲಿಲ್ಲದ ಮುದುಕರಿಗೆ ಕೊಟ್ಟಂತೆ. ಪಲ್ಯ ನೋಡಿದರೆ ಕೆಂಪಗೆ ಕುದಿಯುತ್ತಿರುತ್ತದೆ. ಒಂದು ಕೈಯಲ್ಲಿ ಉಪಚಾರ, ಇನ್ನೊಂದು ಕೈಯಲ್ಲಿ ಬೆಂಕಿ.

ಫೆಬ್ರವರಿ 2, ಶುಕ್ರವಾರ

ಮೂಲಕ್ಕೇ ಕೈ ಹಾಕೋಣವೆಂದು ಕಾಸೀಮಸಾಬನ ಗಿರಣಿಗೆ ಹೋದೆ. ನಮ್ಮ ಮನೆಯ ಖಾರ ಕುಟ್ಟಿಸುವುದು ಅಲ್ಲೇ, ಅವರಪ್ಪನ ಕಾಲದಿಂದ. ಪುಡಿ ಹಳತಾದರೆ ಬಣ್ಣ ಮಾಸುತ್ತದೆಂದು ನಾವು ಹದಿನೈದು ದಿನಕ್ಕೊಮ್ಮೆ ಹೊಸದಾಗಿ ಕುಟ್ಟಿಸುತ್ತೇವೆ.

“ಏನ್ ಸಾವ್ಕಾರ್ರ, ಗಿರಣಿಗೆ ನೀವ ಬಂದೀರಿ? ಕುಂದ್ರಿ, ಕುಂದ್ರಿ,” ಅಂದ. ಅವನ ಹುಬ್ಬು, ಮೀಸೆ ಎಲ್ಲ ಕೆಂಪು ಪುಡಿ. ಹೋಳಿ ಹಬ್ಬ ಅವನಿಗೆ ವರ್ಷವಿಡೀ.

“ಖರೇ ಹೇಳು ಕಾಸೀಮ. ನನ್ನ ಡಬ್ಬಿ ನಿನ್ನ ಗಿರಣ್ಯಾಗ ಅದಲು ಬದಲು ಆಗಾಕತ್ತೈತೇನು?”

ಅವನ ಮುಖದ ನಗು ಹೋಯಿತು. “ಸಂಕ್ರಾಂತಿ ಆದಮ್ಯಾಲ ನಿಮ್ಮ ಮನಿಯಿಂದ ಕಾಯಿನ ಬಂದಿಲ್ಲಲ್ರಿ. ಬಂದಿದ್ದ ಇಲ್ಲ ಅಂದಮ್ಯಾಲ ಹ್ಯಾಂಗ ಬದಲಾಗತೈತಿ? ಅಕ್ಕಾರಿಗೆ ನಾನ ಕೇಳಬೇಕಂತಿದ್ನಿ, ನಮ್ಮ ಮ್ಯಾಲ ಸಿಟ್ಟಾಗ್ಯಾರೇನಂತ.”

ಅಂದರೆ ಮೆಣಸಿನಕಾಯಿ ಗಿರಣಿಗೆ ಹೋಗುತ್ತಿಲ್ಲ. ಆದರೂ ಪಲ್ಯ ದಿನಾ ಕೆಂಪು, ದಿನಾ ಉರಿ. ಅರ್ಥ ಸ್ಪಷ್ಟವಾಗಿದೆ. ನಾನು ತಂದಿಟ್ಟ ಡಬ್ಬಿಯನ್ನು ಬದಿಗಿಟ್ಟು ಎಲ್ಲಿಂದಲೋ ಗುಂಟೂರಿನ ಪುಡಿ ತರಿಸುತ್ತಿದ್ದಾಳೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯ ಮನೆಗೆ, ಅಂಗಡಿಯ ಖಾರದ ಪುಡಿ!

ಕಾಸೀಮಸಾಬ ಚಹಾ ತರಿಸಿದ. ಬಾಯಿ ಉರಿಯುತ್ತಿದ್ದರಿಂದ ಆರಿಸಿ ಆರಿಸಿ ಕುಡಿದೆ. ಅವನು ನನ್ನನ್ನೇ ನೋಡುತ್ತಿದ್ದ. ಅವನಿಗೂ ಏನೋ ಗೊತ್ತಿದೆ.

ಫೆಬ್ರವರಿ 5, ಸೋಮವಾರ

ನಾನೇ ಕಾಯಿ ಆರಿಸಿ, ನಾನೇ ನಿಂತು ಕುಟ್ಟಿಸಿ, ಡಬ್ಬದಲ್ಲಿ ತುಂಬಿ ತಂದು ಅವಳ ಕೈಗೆ ಕೊಟ್ಟೆ. “ಇದನ್ನ ಹಾಕಬೇಕು,” ಅಂದೆ. “ಆತ್ರಿ,” ಅಂದಳು.

ಆದರೂ ಉರಿ. ಡಬ್ಬ ತೆಗೆದು ನೋಡಿದೆ, ಪುಡಿ ತುಂಬಿದ್ದು ತುಂಬಿದಂತೆಯೇ ಇದೆ. ಚಮಚ ಕೂಡ ಆಡಿಸಿಲ್ಲ.

ಫೆಬ್ರವರಿ 8, ಗುರುವಾರ

ಇಂದು ಕಾಗಿನೆಲೆಯ ಗುಡ್ಡಪ್ಪನ ರಾಶಿ. ಪ್ರತಿವರ್ಷ ಅವನ ಮಾಲನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಿದ್ದೆ. ಆದರೆ ಮನೆಯವಳನ್ನೇ ನಂಬದ ಕಾಲ ಇದು. ಒಂದು ಕಾಯಿ ತೆಗೆದು ತುದಿ ಕಡಿದೆ. ಬಾಯಿ ಎಂದರೆ ಒಲೆ. ಇನ್ನೊಂದು ಕಡಿದೆ, ಅದೂ ಹಾಗೇ.

“ಗುಂಟೂರ ಬೆರಿಕಿ ಐತಿ,” ಅಂದೆ.

ನನ್ನ ಹಿಂದೆ ನಿಂತಿದ್ದ ಖರೀದಿದಾರರು ದರ ಬರೆದು ಹಾಕುವ ತಮ್ಮ ತಮ್ಮ ಟೆಂಡರ್ ಚೀಟಿ ಕಿಸೆಗೆ ಹಾಕಿಕೊಂಡು ಮುಂದಿನ ರಾಶಿಗೆ ನಡೆದರು. ಗುಡ್ಡಪ್ಪ ಎರಡೂ ಕೈ ರಾಶಿಯ ಮೇಲಿಟ್ಟ.

“ಸಾವ್ಕಾರ್ರ, ನಿಮ್ಮ ಅಪ್ಪಾರು ಇದ್ದಾಗಿಂದ ಇದ ಬೀಜರಿ. ನಮ್ಮ ಹೊಲದಾಗ ಬ್ಯಾರೆ ಬೀಜ ಬಿದ್ದಿಲ್ರಿ. ಇನ್ನೊಮ್ಮೆ ಕಡದ ನೋಡ್ರಿ.”

“ಎರಡ ಸಲ ನೋಡೇನಿ.”

“ಊರಾಗ ನಾ ಏನಂತ ಮಾರಿ ತೋರಸಲ್ರಿ?”

ನಾನೂ ಮುಂದಿನ ರಾಶಿಗೆ ನಡೆದೆ. ಅವನ ಮಾಲು ಮಾರಾಟವಾಗದೆ ಸಂಜೆಯವರೆಗೆ ಹಾಗೇ ಬಿದ್ದಿತ್ತು, ಆಮೇಲೆ ಚೀಲಕ್ಕೆ ತುಂಬಿ ಗೋಡೌನಿಗೆ ಹಾಕಿದ. ಹೋಗುವಾಗ ನನ್ನ ಅಂಗಡಿಯ ಮುಂದೆಯೇ ಹೋದ, ತಲೆ ಎತ್ತಲಿಲ್ಲ.

ಆ ಕಾಯಿಯ ಬಣ್ಣ, ಸುಕ್ಕು, ಗಿಡ್ಡ ಗಾತ್ರ ಎಲ್ಲ ಡಬ್ಬಿಯದೇ. ಕಣ್ಣು ಡಬ್ಬಿ ಅಂದಿತು, ಬಾಯಿ ಗುಂಟೂರು ಅಂದಿತು. ನಾನು ಮೊದಲಿಂದಲೂ ಬಾಯಿಯನ್ನು ನಂಬಿದವನು. ಬೆರಕೆ ಮಾಡುವವರು ಈಗ ಬಹಳ ಜಾಣರಾಗಿದ್ದಾರೆ, ಅಷ್ಟೇ.

ಇವತ್ತು ಪಾಕೀಟಿನ ಸರ ಸಂಜೆಯೊಳಗೇ ಮುಗಿಯಿತು.

ಫೆಬ್ರವರಿ 12, ಸೋಮವಾರ

ಹೇಳಿಬಿಟ್ಟೆ. ತಟ್ಟೆ ದೂಡಿ ಎದ್ದು ನಿಂತು ಹೇಳಿದೆ, “ನಿನ್ನ ತಮ್ಮನ ಸಲುವಾಗಿ ನನ್ನ ಬಾಯಿ ಸುಡಾಕತ್ತೀದಿ. ನನ್ನ ನಾಲಿಗಿ ಹೋದ್ರ ನನ್ನ ಧಂದೆ ಹೋಗತೈತಿ ಅಂತ ನಿನಗ ಗೊತ್ತೈತಿ. ನಿನ್ನ ಕೈಯಾಗಿಂದು ಇನ್ನ ಒಂದ ತುತ್ತೂ ಉಣ್ಣಾಂಗಿಲ್ಲ.”

ಅವಳು ಅಳುತ್ತಾಳೆ ಅಂದುಕೊಂಡಿದ್ದೆ, ಜಗಳಕ್ಕೆ ನಿಲ್ಲುತ್ತಾಳೆ ಅಂದುಕೊಂಡಿದ್ದೆ. ಎರಡೂ ಇಲ್ಲ. ಬಾಗಿಲು ತೆರೆದಿತ್ತು, ಪಕ್ಕದ ಮನೆಯ ಮಂಗಳವ್ವ ಅಂಗಳದಲ್ಲಿ ಕಿವಿಯಾಗಿ ನಿಂತಿದ್ದಳು. ಪುಷ್ಪಲತಾ ಮೊದಲು ಹೋಗಿ ಬಾಗಿಲು ಮುಚ್ಚಿದಳು. ಆಮೇಲೆ ಅಂದಳು, “ನನಗ ಎಷ್ಟರ ಬೈರಿ. ಖಾರ ತಡಿಯಾಂಗಿಲ್ಲ ಅಂತ ಮಾತ್ರ ಜೋರಾಗಿ ಅನಬ್ಯಾಡ್ರಿ.”

ಇದೆಂಥ ಮಾತೋ ನನಗೆ ತಿಳಿಯಲಿಲ್ಲ. ಸಂಜೆಯ ಬಸ್ಸಿಗೆ ಮಗಳನ್ನು ಕರೆದುಕೊಂಡು ಐರಣಿಗೆ ಹೋದಳು. ಹೋಗಲಿ.

ಫೆಬ್ರವರಿ 14, ಬುಧವಾರ

ಖಾನಾವಳಿಯಲ್ಲಿ ಊಟ. ಅಲ್ಲೂ ಉರಿ. ವಿಚಾರಿಸಿದೆ, ಅಡುಗೆ ಮಾಡುವ ಸಿದ್ದವ್ವನ ತವರು ಐರಣಿಯ ಹತ್ತಿರದ್ದಂತೆ. ಎಲ್ಲಿಯವರೆಗೆ ಬಲೆ ಬೀಸಿದ್ದಾಳೆ!

ಫೆಬ್ರವರಿ 17, ಶನಿವಾರ

ನಿನ್ನೆ ಶಿವರಾತ್ರಿ. ಉಪವಾಸ ಬಿಡಲು ಕಿತ್ತಳೆ ಹಣ್ಣು ತಿಂದೆ. ಅದೂ ಉರಿಯಿತು. ಹಣ್ಣಿಗೂ ಈಗ ಏನೇನೋ ಔಷಧ ಹೊಡೆಯುತ್ತಾರೆ.

ಹಲ್ಲುಜ್ಜುವ ಬ್ರಷ್ ಕೂಡ ದೊಡ್ಡದಾಗಿ ಮಾಡಲು ಶುರು ಮಾಡಿದ್ದಾರೆ. ಮಗಳ ಬ್ರಷ್ ಮನೆಯಲ್ಲೇ ಉಳಿದಿತ್ತು, ಅದು ಸರಿಹೋಯಿತು. ಮನೆ ಬಿಕೋ ಅನ್ನುತ್ತಿದೆ.

ಫೆಬ್ರವರಿ 21, ಬುಧವಾರ

ಇವತ್ತಿನದನ್ನು ಹೇಗೆ ಬರೆಯಲಿ?

ಮಗಳ ಶಾಲೆಯ ನೆವ ಮಾಡಿಕೊಂಡು ಐರಣಿಗೆ ಹೋದೆ. ಹೇಳದೆ ಹೋದರೆ ಗುಂಟೂರಿನ ಪುಡಿ ಕೈಗೆ ಸಿಗುತ್ತದೆ ಎಂಬ ಆಸೆಯೂ ಇತ್ತು. ಅತ್ತೆ ಬಾಗಿಲಲ್ಲೇ ಸಿಕ್ಕರು. “ಬರ್ರಿ ಅಳಿಯಾರ, ಬಿಸಲಾಗ ಬಂದೀರಿ, ಕೈಕಾಲ ತೊಳಕೋರ್ರಿ,” ಅಂದರು, ಏನೂ ನಡೆದೇ ಇಲ್ಲವೆಂಬಂತೆ. ಪುಷ್ಪಲತಾ ಒಳಕೋಣೆಯಿಂದ ಹೊರಗೆ ಬರಲಿಲ್ಲ.

ನಾನು ಅಡುಗೆಮನೆಯ ಹೊಸ್ತಿಲಲ್ಲೇ ಕೂತೆ, ಕಣ್ಣಾರೆ ಕಾಣಲೆಂದು. ಅತ್ತೆ ನನ್ನೆದುರೇ ಅನ್ನ ಬಗ್ಗಿಸಿದರು, ನನ್ನೆದುರೇ ಗಡಿಗೆಯಿಂದ ಮೊಸರು ಹಾಕಿದರು, ಉಪ್ಪು ಚಿಟಿಕೆ. ಒಗ್ಗರಣೆ ಇಲ್ಲ, ಮೆಣಸಿನಕಾಯಿ ಆ ಸುತ್ತಿನಲ್ಲೇ ಇರಲಿಲ್ಲ. ಕಲೆಸಿ ತುತ್ತು ಇಟ್ಟುಕೊಂಡೆ.

ಉರಿಯಿತು. ಅದೇ ಉರಿ, ಕೆನ್ನೆಯ ಒಳಗೆ, ಗಂಟಲ ಬಾಯಿಯವರೆಗೆ.

“ಅತ್ತಿ, ಇದಕ್ಕ ಏನ ಹಾಕೀರಿ?”

“ಉಪ್ಪರಿ. ಹೆಚ್ಚಾತೇನ್ರಿ?”

ಆ ಹೊತ್ತಿಗೂ ನನಗೆ ಗಡಿಗೆಯ ಮೇಲೆಯೇ ಸಂಶಯ. ಮಗಳನ್ನು ಕರೆದು ನನ್ನ ತಟ್ಟೆಯಿಂದಲೇ ಒಂದು ತುತ್ತು ಕೊಟ್ಟೆ. ತಿಂದಳು, ಇನ್ನೊಂದಕ್ಕೆ ಬಾಯಿ ತೆರೆದಳು. ಎಷ್ಟು ದೊಡ್ಡದಾಗಿ ತೆರೆದಳು!

“ಖಾರ ಐತೇನು?”

“ಇಲ್ಲಪಾ, ಸಪ್ಪ ಐತಿ. ನಮ್ಮನ್ಯಾಗ ಅವ್ವ ಮಾಡೋದೂ ಸಪ್ಪನ ಇರತೈತೆಲಾ.”

ಆಗ ಪುಷ್ಪಲತಾ ಬಂದಳು. ಗೋಡೆಗೆ ಒರಗಿ ನಿಂತು ಹೇಳಿದಳು.

“ಸಂಕ್ರಾಂತಿ ದಿನ ಹೊಳಿದಂಡ್ಯಾಗ ನಿಮ್ಮ ಕಣ್ಣಾಗ ನೀರ ನೋಡಿದ್ನಿ. ಅವತ್ತಿಂದ ಅಡಿಗಿಗೆ ಖಾರ ಹಾಕಿಲ್ರಿ. ಬಣ್ಣ ಇರಲಿಲ್ಲಂದ್ರ ನಿಮಗ ತಿಳೀತಿತ್ತು. ಅದಕ್ಕ ಕಾಯಿ ಸೀಳಿ, ಬೀಜ, ಒಳಗಿನ ಬಿಳಿ ತಿರುಳು ತಗದು, ಸಿಪ್ಪಿ ನೀರಾಗ ನೆನಿಸಿ, ಆ ನೀರ ಚೆಲ್ಲಿ, ಬರೇ ಸಿಪ್ಪಿ ರುಬ್ಬಿ ಹಾಕತಿದ್ನಿ. ಅದೂ ಉರಿತೈತಿ ಅಂದ್ರಿ. ಅವಾಗ ಡಾಕ್ಟರಬಾಯಾರಿಗೆ ಹೇಳಿದ್ನಿ.”

“ನನಗ ಯಾಕ ಹೇಳಲಿಲ್ಲ?”

“ಪಾಕೀಟ ಬಿಡ್ರಿ, ಬಾಯಿ ತೋರಸ್ರಿ ಅಂತ ಹೇಳಿದ್ನೆಲಾ. ಕೇಳಿದ್ರೇನು? ನಿಮಗ ಖಾರ ತಡಿಯಾಂಗಿಲ್ಲ ಅಂತ ಮಂದಿಗೆ ಗೊತ್ತಾದ್ರ ಮಾರ್ಕೆಟ್ಟಿನಾಗ ನಿಮ್ಮ ಮಾತ ಯಾರ ಕೇಳ್ತಾರ? ಹೇಣ್ತಿ ಗುಂಟೂರ ಹಾಕ್ಯಾಳ ಅಂತ ಅಂದ್ರ, ನನ್ನ ಹೆಸರಷ್ಟ ಕೆಡತೈತಿ. ಅಂದ್ಕೊಳ್ಳಲಿ ಅಂತ ಬಿಟ್ನಿ.”

ನಾನು ಊಟ ಮಾಡುತ್ತಲೇ ಇದ್ದೆ. ಏನು ಮಾಡಬೇಕೆಂದು ತಿಳಿಯದೆ ತಿನ್ನುತ್ತಲೇ ಇದ್ದೆ, ಪೂರ್ತಿ ತಟ್ಟೆ. ಉರಿಯಿತು. ನಾಚಿಕೆ ಅದಕ್ಕಿಂತ ಹೆಚ್ಚು ಉರಿಯಿತು.

ಫೆಬ್ರವರಿ 24, ಶನಿವಾರ

ಹಾವೇರಿಗೆ ಹೋಗಿ ಬಂದೆವು. ಡಾ. ಸುಧಾರಾಣಿ ನನ್ನನ್ನು ಕಂಡು, “ಇವತ್ತ ಪುಕ್ಕಟ ತೆರಿತೀರೇನ್ರಿ ಸರ?” ಅಂದಳು. ನಗಬೇಕೆಂದು ನಾನು ಪ್ರಯತ್ನಪಟ್ಟೆ.

ಮೂರು ಬೆರಳು ಅಂದಳು. ಒಂದು ಹೋಯಿತು. ಎರಡನೆಯದು ಹಲ್ಲಿಗೆ ತಡೆಯಿತು. ಬೆರಳು ದಪ್ಪವೆಂದು ಹೇಳಲು ಈ ಸಲ ಬಾಯಿ ಬರಲಿಲ್ಲ. ಕೆನ್ನೆಯ ಒಳಗೆ ಕೈಗವಸಿನ ಬೆರಳಾಡಿಸಿ, ಕನ್ನಡಿ ಹಿಡಿದು ತೋರಿಸಿದಳು. ಕೆಂಪಗಿರಬೇಕಾದದ್ದು ಬೆಳ್ಳಗೆ, ಗಟ್ಟಿಯಾಗಿ ಹಗ್ಗ ಎಳೆದಂತಿದೆ.

“ಗುಟ್ಕಾದಾಗಿನ ಅಡಿಕಿ, ತಂಬಾಕು ಸೇರಿ ಹಿಂಗ ಮಾಡತಾವ್ರಿ. ಮೊದಲ ಖಾರಕ್ಕ ಉರಿ, ಆಮ್ಯಾಲ ಬಾಯಿ ಮುಚ್ಚಕೊಂತ ಹೋಗತೈತಿ. ಹೋದದ್ದು ಪೂರ್ತಿ ವಾಪಸ್ ಬರಾಂಗಿಲ್ಲ. ಇವತ್ತ ಬಿಟ್ರ ಇಷ್ಟಕ್ಕ ನಿಲ್ಲಬಹುದು. ಬಿಡಲಿಲ್ಲಂದ್ರ ಹುಣ್ಣು, ಅದರ ಮುಂದ ಏನಂತ ನಾ ಹೇಳೋದ ಬ್ಯಾಡ.”

“ಅವತ್ತ ಉರಿ ಏಳತೈತೇನಂತ ಕೇಳಿದ್ರೆಲಾ, ನಿಮಗ ಯಾರ ಹೇಳಿದ್ರು?” ಅಂದೆ. ಇಷ್ಟಾದರೂ ನನ್ನ ಬುದ್ಧಿ ಅಲ್ಲೇ.

“ಯಾರೂ ಹೇಳಿಲ್ರಿ, ಎಲ್ಲಾರಿಗೂ ಅದನ್ನ ಕೇಳತೇವಿ. ಬ್ಯಾರೆ ಊರಾಗ ಬಾಯಿ ಉರದ್ರ ದವಾಖಾನಿಗೆ ಬರ್ತಾರ. ನಿಮ್ಮ ಯಾರ್ಡಿನವರು ಮೆಣಸಿನಕಾಯಿ ಬದಲಸ್ತಾರ. ಉರಿತೈತಿ ಅಂದವರೆಲ್ಲಾ ಗುಂಟೂರಿಗೆ ಬೈದಾರ್ರಿ.”

ಪುಷ್ಪಲತಾ ಸೆರಗು ಬಾಯಿಗೆ ಹಿಡಿದು ನಕ್ಕಳು. ನಗುತ್ತಿದ್ದವಳು ಹಾಗೇ ಅತ್ತಳು.

ಐಸ್‌ಕ್ರೀಮಿನ ಕಡ್ಡಿ ಒಂದರ ಮೇಲೊಂದು ಇಟ್ಟು ಬಾಯಿ ತೆರೆಯುವ ಕಸರತ್ತು ಹೇಳಿಕೊಟ್ಟಿದ್ದಾರೆ. ಬಸ್‌ಸ್ಟ್ಯಾಂಡಿನಲ್ಲಿ ಕಿಸೆಯ ಸರವನ್ನೆಲ್ಲ ಕಸದ ತೊಟ್ಟಿಗೆ ಹಾಕಿದೆ. ಗುಡ್ಡಪ್ಪ ರಾಶಿಯ ಮೇಲೆ ಕೈಯಿಟ್ಟು ನಿಂತದ್ದು ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಮಾರ್ಚ್ 1, ಗುರುವಾರ

ಗುಡ್ಡಪ್ಪನಿಗೆ ಹೇಳಿಕಳಿಸಿ ಮಾಲನ್ನು ಗೋಡೌನಿನಿಂದ ಮತ್ತೆ ಹೊರಗೆ ಸುರುವಿಸಿದೆ. ಅವತ್ತು ಕೇಳಿದವರೆಲ್ಲ ಇವತ್ತೂ ಕೇಳಲೆಂದು ಹೆಸರು ಹಿಡಿದು ಕರೆದೆ. ಸಿಳ್ಳೆ ಅಂತೂ ಇಲ್ಲ.

“ಈ ಮಾಲಾಗ ಬೆರಿಕಿ ಇಲ್ಲ. ಅಸಲು ಡಬ್ಬಿ. ಬೆರಿಕಿ ಇದ್ದದ್ದು ನನ್ನ ಬಾಯಾಗ. ಗುಟ್ಕಾ ತಿಂದ ಬಾಯಿ ಸುಟ್ಟಕೊಂಡೇನಿ, ನನಗ ಖಾರ ತಿಳಿಯಾಂಗಿಲ್ಲ. ಇನ್ನ ಮ್ಯಾಲ ನಾ ಕಡದ ಹೇಳಾಂಗಿಲ್ಲ.”

ಯಾರೋ ಮೊದಲು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಚೀಟಿಗಳು ಹೊರಗೆ ಬಂದವು, ಗುಡ್ಡಪ್ಪನ ರಾಶಿ ಮಾರಾಟವಾಯಿತು. ಪಕ್ಕದ ಅಂಗಡಿಯವನು ತನ್ನ ಕಿಸೆಯ ಪಾಕೀಟು ತೆಗೆದು ನೋಡಿ ಮತ್ತೆ ಒಳಗಿಟ್ಟುಕೊಂಡ. ನನ್ನ ಹೆಸರು ಇಂದಿಗೆ ಮುಗಿಯಿತು. ಕಣ್ಣು, ಮೂಗು ನಂಬಿ ಉಳಿದವರಂತೆ ನಾನೂ ಒಬ್ಬ. ಕಂಪನಿಯವರು ಏನನ್ನುತ್ತಾರೋ, ಭಯವಾಗುತ್ತಿದೆ.

ಗುಡ್ಡಪ್ಪ ತಪ್ಪಾಯಿತು ಅನ್ನಲೂ ಬಿಡಲಿಲ್ಲ. ತನ್ನ ರಾಶಿಯಿಂದ ಬೊಗಸೆ ಕಾಯಿ ತೆಗೆದು ನನ್ನ ಟವೆಲಿನಲ್ಲಿ ಕಟ್ಟಿ, “ಮನ್ಯಾಗ ತಂಗಿಗೆ ಕೊಡ್ರಿ,” ಅಂದ, ಪುಷ್ಪಲತಾಳಿಗೆ.

ಮನೆಗೆ ಬಂದು ಅಂಗಿ ತೆಗೆದು ಕೊಟ್ಟೆ. ಗೂಟಕ್ಕೆ ಹಾಕುವ ಮೊದಲು ಪುಷ್ಪಲತಾ ಕಿಸೆಗೆ ಕೈ ಹಾಕಿದಳು. ಒಂದೇ ಒಂದು ಪಾಕೀಟು ಇತ್ತು, ಮಾರುಕಟ್ಟೆ ಮುಗಿದ ಮೇಲೆ ಕೊಂಡದ್ದು, ಇನ್ನೂ ಹರಿದಿರಲಿಲ್ಲ. ಅದನ್ನು ಒಲೆಗೆ ಹಾಕಿದಳು. “ದಿನಾ ಹಿಂಗ ನೋಡು,” ಅಂದೆ. “ನಾ ಬಿಟ್ಟೇನಿ ಅಂದ್ರೂ ನಂಬಬ್ಯಾಡ.”

ಆಮೇಲೆ ಟವೆಲು ಬಿಚ್ಚಿ ಒಂದು ಕಾಯಿ ಕೊಟ್ಟೆ. “ನೀ ಕಡದ ಹೇಳು. ಹ್ಯಾಂಗೈತಿ ಗುಡ್ಡಪ್ಪನ ಮಾಲು?”

ತುದಿಯನ್ನಷ್ಟೇ ಕಡಿದಳು. ಅಗಿದವಳು ನಿಂತುಬಿಟ್ಟಳು. ಮುಖ ಕೆಂಪಾಯಿತು, ಕೆಮ್ಮು ಬಂತು, ಕಣ್ಣಿಂದ ನೀರು ಇಳಿಯಿತು. ಸೆರಗಿನಿಂದ ನಾಲಿಗೆ ಒರೆಸಿಕೊಂಡು, “ಅಯ್ಯ ಶಿವನ! ಭಾಳ ಖಾರ ಐತ್ರಿ. ಇದು ಗುಂಟೂರ ಇರಬೇಕು,” ಅಂದಳು.

ಹಸಿಮೆಣಸಿನಕಾಯಿ ಕಚಕಚ ಕಡಿಯುತ್ತಿದ್ದವಳು. ನನಗೆ ಬಡಿಸಿದ ಸಪ್ಪೆಯನ್ನೇ ಸಂಕ್ರಾಂತಿಯಿಂದ ತಾನೂ ಉಂಡು, ನನ್ನ ಬೈಗುಳವನ್ನೂ ಉಂಡು, ಅವಳ ನಾಲಿಗೆಗೆ ಈಗ ಡಬ್ಬಿಯೂ ಬೆಂಕಿಯಾಗಿದೆ. ಎಲ್ಲರ ಮೇಲೂ ಸಂಶಯಪಟ್ಟೆ, ಇದೊಂದು ನನ್ನ ತಲೆಗೆ ಹೊಳೆಯಲಿಲ್ಲ. ನನಗೆ ಅಳು ಬಂತು.

ತಂಬಿಗೆಯಲ್ಲಿ ನೀರು ತಂದುಕೊಟ್ಟೆ. “ಹೌದು,” ಅಂದೆ, “ಗುಂಟೂರ ಬೆರಿಕಿ ಐತಿ.”

ಅವಳು ನೀರು ಕುಡಿದು ನನ್ನ ಮುಖ ನೋಡಿದಳು. ನಂಬಲಿಲ್ಲ.